ಇಲಿಪಾಷಾಣದ ಲೆಕ್ಕಕ್ಕೆ ಬಾರದ ಹಕ್ಕಿ: ಕಪ್ಪು ರೆಕ್ಕೆಯ ಗಿಡುಗ

ಪಶುಚಿಕಿತ್ಸೆಯಲ್ಲಿ ಡೈಕ್ಲೊಫೆನಾಕ್ ಬಳಕೆಯನ್ನು ಕೇಂದ್ರ ಸರ್ಕಾರವು 2006 ರಲ್ಲಿ ನಿಷೇಧಿಸಿತು. 2023 ರಲ್ಲಿ ಕೀಟೊಪ್ರೊಫೆನ್ ಹಾಗೂ ಅಸೆಕ್ಲೊಫೆನಾಕ್ ಕೂಡ ಅದೇ ಸಾಲಿಗೆ ಸೇರಿದವು. ಔಷಧಿಯ ಅಂಶವುಳ್ಳ ಸತ್ತ ಜಾನುವಾರುಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದುದೇ ಇದಕ್ಕೆ ಕಾರಣ. ಇದೇ ವಿವೇಚನೆಯನ್ನು ಇಲಿಪಾಷಾಣದ ವಿಷಯದಲ್ಲಿ ನಾವು ತೋರುತ್ತಿಲ್ಲ. ಇಲ್ಲಿ ಅಪಾಯಕ್ಕೆ ಸಿಲುಕುವುದು ರೈತನಿಗಾಗಿ ಇಲಿ ಹಿಡಿಯುವ ಹಕ್ಕಿಯೇ.

ಕಪ್ಪು ರೆಕ್ಕೆಯ ಗಿಡುಗವು ಬಯಲುಸೀಮೆಯ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವ ಬೇಟೆಹಕ್ಕಿ. ಗಾತ್ರ ಕಾಗೆಗಿಂತ ತುಸು ಚಿಕ್ಕದು. ಬೆನ್ನು ತಿಳಿಬೂದು, ಹೊಟ್ಟೆ ಅಚ್ಚ ಬಿಳಿ, ಭುಜದ ಮೇಲೆ ಕಪ್ಪು ಪಟ್ಟೆ. ಬೆಳೆದ ಹಕ್ಕಿಯ ಕಣ್ಣು ಕೆಂಪು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ನೆಲವನ್ನು ದಿಟ್ಟಿಸಿ, ಕಾಲುಗಳನ್ನು ಇಳಿಬಿಟ್ಟು ಎರಗುವ ರೀತಿಯಿಂದ ಇದನ್ನು ದೂರದಿಂದಲೇ ಗುರುತಿಸಬಹುದು. ವಿದ್ಯುತ್ ತಂತಿ, ಒಣ ಕೊಂಬೆಗಳು ಇದಕ್ಕೆ ಪ್ರಿಯ. ಊರಿನಲ್ಲಿ ಬೇಟೆಹಕ್ಕಿಗಳೆಲ್ಲ 'ಹದ್ದು' ಎನಿಸಿಕೊಳ್ಳುವುದರಿಂದ ಕೋಳಿಮರಿ ಕದ್ದ ಅಪವಾದ ಇದಕ್ಕೂ ತಟ್ಟುತ್ತದೆ. ಆ ಕಂದುಬಣ್ಣದ, ಕವಲುಬಾಲದ ಹದ್ದೇ ಬೇರೆ. ಗಿಡುಗದ ಆಹಾರ ಮುಖ್ಯವಾಗಿ ಸಣ್ಣ ಇಲಿ, ಮಿಡತೆ, ಓತಿಕೇತ. ದೊಡ್ಡ ಹೆಗ್ಗಣ ಇದರ ಶಕ್ತಿಗೆ ಮೀರಿದ್ದು; ಇದೊಂದೇ ಇಲಿಕಾಟವನ್ನು ನಿವಾರಿಸೀತು ಎಂದು ನಂಬುವುದೂ ಸರಿಯಲ್ಲ.

ಬ್ರೊಮಾಡಿಯೊಲೋನ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಗುಣ ಕುಂದಿ, ಕೆಲವು ದಿನ ನಿತ್ರಾಣವಾಗಿ ಬಯಲಲ್ಲಿ ಅಲೆಯುತ್ತದೆ. ಅಂಥ ಇಲಿ ಗಿಡುಗಕ್ಕೂ ಕಣಜಗೂಬೆಗೂ ಸುಲಭದ ತುತ್ತು. ಇಲಿಯ ಯಕೃತ್ತಿನಲ್ಲಿ ಉಳಿದ ವಿಷವು ಹಕ್ಕಿಯ ದೇಹ ಸೇರುತ್ತದೆ. ಸತುವಿನ ಫಾಸ್ಫೈಡ್ ಹೀಗೆ ದೇಹದಲ್ಲಿ ಶೇಖರವಾಗುವುದಿಲ್ಲ. ಆದರೆ ಆ ಆಮಿಷವನ್ನೇ ನೇರವಾಗಿ ತಿಂದ ನವಿಲು, ಕೋಳಿ, ನಾಯಿಗಳಿಗೆ ಅದು ಮಾರಕ. ಎರಡರಲ್ಲಿ ಯಾವುದನ್ನು ಬಳಸಿದರೂ ಬಳಕೆಯ ಕ್ರಮವೇ ನಿರ್ಣಾಯಕ.

ಸಂಜೆ ಬಿಲಗಳನ್ನೆಲ್ಲ ಮುಚ್ಚಿ, ಮರುದಿನ ತೆರೆದಿರುವ ಬಿಲಗಳೊಳಗೆ ಮಾತ್ರ ಆಮಿಷವಿಟ್ಟು ಬಾಯಿ ಮುಚ್ಚಬೇಕು. ಬದುವಿನ ಮೇಲೆ ಚೆಲ್ಲುವ ರೂಢಿಯನ್ನು ಕೈಬಿಡಬೇಕು. ಸತ್ತ ಇಲಿಗಳನ್ನು ಕೈಗವಸು ಧರಿಸಿ ಪ್ರತಿದಿನವೂ ಆರಿಸಿ ಆಳವಾಗಿ ಹೂಳಬೇಕು; ಬ್ರೊಮಾಡಿಯೊಲೋನ್ ಬಳಸಿದಲ್ಲಿ ಈ ಕೆಲಸ ಒಂದು ದಿನಕ್ಕೆ ಮುಗಿಯುವುದಿಲ್ಲ. ಬೆಳೆಗಿಂತ ಎತ್ತರದ ಕವಲುಕೋಲುಗಳನ್ನು ನೆಟ್ಟರೆ ಹಕ್ಕಿ ಅಲ್ಲಿಂದಲೇ ಬೇಟೆ ನೋಡುತ್ತದೆ. ಆದರೆ ಪಾಷಾಣ ಇಟ್ಟ ಹೊಲದಲ್ಲಿ ಅದೇ ವಾರ ಕೋಲು ನೆಡುವುದು ಹಕ್ಕಿಯನ್ನು ವಿಷದೂಟಕ್ಕೆ ಕರೆದಂತೆ. ವಿಸ್ತರಣಾ ಕಾರ್ಯಕರ್ತರು ಪಾಷಾಣ ವಿತರಿಸುವಾಗಲೇ ಈ ಅಂತರವನ್ನು ರೈತರಿಗೆ ತಿಳಿಸಬೇಕು.