ಬೇಸಗೆಯೂ ಒಂಟಿ ವಾರ್ಧಕ್ಯವೂ

ಏಪ್ರಿಲ್, ಮೇ ತಿಂಗಳುಗಳು ಬಂದವೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಪದ್ಧತಿಯುಂಟು. ಉಗ್ರವಾದ ಬಿಸಿಲಿನಲ್ಲಿ ಜನರು ಹೊರಗೆ ಸುಳಿಯಬಾರದೆಂಬ ಈ ವಿವೇಕವು ಸ್ತುತ್ಯವಾದುದೇ ಸರಿ. ಆದರೆ ಹೊರಗೆ ಸುಳಿಯಲಾರದವರ ಗತಿಯೇನೆಂಬುದನ್ನು ನಾವು ಸಾಕಷ್ಟು ಗಂಭೀರವಾಗಿ ಕೇಳಿಕೊಂಡಂತಿಲ್ಲ. ಹೊಲದಲ್ಲಿ ದುಡಿಯುವ ತರುಣನಿಗೆ ಬಿಸಿಲು ಬಯಲಿನಲ್ಲಿ, ಕೆಲವೇ ಗಂಟೆಗಳೊಳಗೆ ಬಡಿದರೆ, ಎಪ್ಪತ್ತು ದಾಟಿದ ಮುದುಕಿಗೆ ಅದು ಎರಡು ಮೂರು ದಿನಗಳ ಅವಧಿಯಲ್ಲಿ, ಯಾರ ಗಮನಕ್ಕೂ ಬಾರದಂತೆ, ಅವಳ ಮನೆಯೊಳಗೇ ಬಡಿಯುತ್ತದೆ.

ವಾರ್ಧಕ್ಯದಲ್ಲಿ ದೇಹವು ಉಷ್ಣವನ್ನು ಹೊರದೂಡುವ ಉಪಾಯಗಳೆಲ್ಲ ಮಂದವಾಗುತ್ತವೆ: ಬೆವರುವ ಶಕ್ತಿ ಕುಗ್ಗುತ್ತದೆ, ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ಹರಿಸಲು ಹೃದಯಕ್ಕೆ ಆಯಾಸವಾಗುತ್ತದೆ, ಎಲ್ಲಕ್ಕೂ ಮಿಗಿಲಾಗಿ, ಒಡಲಿನಲ್ಲಿ ನೀರು ಬತ್ತುತ್ತಿದೆಯೆಂದು ಸೂಚಿಸಬೇಕಾದ ಬಾಯಾರಿಕೆಯೇ ಕ್ಷೀಣಿಸುತ್ತದೆ. ಆದಕಾರಣ "ನನಗ ನೀರಡಿಕಿ ಆಗಿಲ್ಲಪ್ಪ" ಎಂದು ಹಿರಿಯರು ಹೇಳಿದಾಗ ಆ ಮಾತು ಪ್ರಾಮಾಣಿಕವಾದರೂ ಪ್ರಮಾಣವಲ್ಲ. ರಕ್ತದೊತ್ತಡಕ್ಕೆಂದು ಕೊಟ್ಟ ಮೂತ್ರವರ್ಧಕ ಮಾತ್ರೆಗಳು ಈ ಬತ್ತುವಿಕೆಯನ್ನು ಇನ್ನಷ್ಟು ತ್ವರೆಗೊಳಿಸಬಲ್ಲವು. ಹಾಗೆಂದು ಅವನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯ. ಹೃದಯ ಅಥವಾ ಮೂತ್ರಪಿಂಡದ ವ್ಯಾಧಿಯಿಂದ ನೀರಿಗೆ ಮಿತಿಯುಳ್ಳವರು ಬೇಸಗೆಯ ಮಿತಿಯೆಷ್ಟೆಂಬುದನ್ನು ಯುಗಾದಿಯೊಳಗೇ ವೈದ್ಯರಿಂದ ಕೇಳಿಕೊಂಡಿರಬೇಕು.

ಮನೆಗಳೂ ಬದಲಾಗಿವೆ. ದಪ್ಪ ಗೋಡೆಯ ಮಣ್ಣಿನ ಮಾಳಿಗೆಯು ಹಗಲಿನ ಕಾವನ್ನು ಒಳಗೆ ಬಿಡುತ್ತಿದ್ದುದು ನಿಧಾನವಾಗಿ. ಇಂದಿನ ತಗಡು ಕಾದೊಡನೆಯೇ ಒಳಗನ್ನು ಸುಡುತ್ತದೆ, ಸಿಮೆಂಟಿನ ತಾರಸಿಯೋ ಹಗಲೆಲ್ಲ ಹೀರಿದ ತಾಪವನ್ನು ರಾತ್ರಿಯಿಡೀ ಕೆಳಗೆ ಇಳಿಸುತ್ತ, ದಣಿದ ದೇಹವು ಚೇತರಿಸಿಕೊಳ್ಳಬೇಕಾದ ಹೊತ್ತನ್ನೇ ಅಪಹರಿಸುತ್ತದೆ. ಫ್ಯಾನು ತಿರುಗುತ್ತಿದೆಯೆಂಬ ಸಮಾಧಾನವೂ ಪೂರ್ಣವಾದುದಲ್ಲ. ಗಾಳಿಯ ತಾಪ 40 ಡಿಗ್ರಿಯನ್ನು ಮೀರಿದ ಮೇಲೆ ಫ್ಯಾನು ದೇಹವನ್ನು ತಣಿಸುವ ಬದಲು ಕಾಯಿಸುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಎಚ್ಚರಿಸಿದೆ.

ಆದರೂ ಈ ವಿಪತ್ತಿನ ಮೂಲವು ಉಷ್ಣದಲ್ಲಿರುವಷ್ಟೇ ಏಕಾಂತದಲ್ಲಿಯೂ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. 2003ರ ಆಗಸ್ಟಿನಲ್ಲಿ, ಬಹುಜನರು ರಜೆಗೆಂದು ಊರು ಬಿಟ್ಟಿದ್ದ ಕಾಲದಲ್ಲಿ, ಫ್ರಾನ್ಸಿನಲ್ಲಿ ಸುಮಾರು 15,000 ಮಂದಿ ಬಿಸಿಲಿಗೆ ಬಲಿಯಾದರು. ಅವರಲ್ಲಿ ಬಹುಪಾಲು ವೃದ್ಧರು, ವೈದ್ಯವಿಜ್ಞಾನಕ್ಕಾಗಲಿ ಧನಕ್ಕಾಗಲಿ ಕೊರತೆಯಿಲ್ಲದ ದೇಶದ ಪ್ರಜೆಗಳು. ಮರುವರ್ಷದ ಜೂನ್ 30ರ ಶಾಸನವು ಒಂಟಿಯಾದ ವೃದ್ಧರ ಪಟ್ಟಿಯನ್ನು ಪ್ರತಿಯೊಂದು ಊರಿನ ಪುರಸಭೆಯೂ ಇಟ್ಟುಕೊಂಡು ತಾಪದ ಎಚ್ಚರಿಕೆ ಹೊರಟಾಗ ಅವರನ್ನು ವಿಚಾರಿಸಬೇಕೆಂದು ವಿಧಿಸಿತಲ್ಲದೆ, ವೃದ್ಧರ ಮತ್ತು ಅಂಗವಿಕಲರ ಆರೈಕೆಯ ನಿಧಿಗಾಗಿ ದುಡಿಯುವವರೆಲ್ಲರೂ ವರ್ಷಕ್ಕೊಂದು ದಿನ ಹೆಚ್ಚುವರಿ ವೇತನವಿಲ್ಲದೆ ಕೆಲಸ ಮಾಡುವ ಪದ್ಧತಿಯನ್ನೂ ತಂದಿತು.

ಅಂತಹ ಪಟ್ಟಿಗಾಗಿ ನಾವು ದೂರ ಅರಸಬೇಕಾಗಿಲ್ಲ. 65 ತುಂಬಿದ ಬಡವರಿಗೆ ಮಾಸಾಶನ ಕೊಡುವ ಸಂಧ್ಯಾ ಸುರಕ್ಷಾ ಯೋಜನೆಯ ಫಲಾನುಭವಿಗಳ ಹೆಸರುಗಳು ಸರ್ಕಾರದ ಬಳಿಯಲ್ಲಿಯೇ ಇವೆ. ಅವರಲ್ಲಿ ಒಂಟಿಯಾಗಿರುವವರು ಯಾರು, ಮಕ್ಕಳು ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗಿರುವುದರಿಂದ ಬೇಸಗೆಯ ಮಟ್ಟಿಗೆ ಒಂಟಿಯಾದವರು ಯಾರು ಎಂಬುದನ್ನು ಗ್ರಾಮ ಪಂಚಾಯಿತಿಯು ಮಾರ್ಚಿನಲ್ಲಿಯೇ ಗುರುತಿಸಿ, ಒಬ್ಬೊಬ್ಬರಿಗೆ ನೆರೆಮನೆಯ ಒಬ್ಬರನ್ನು ನೇಮಿಸಿ, ಅವರ ಶ್ರಮಕ್ಕೆ ಗೌರವಧನವನ್ನೂ ಕೊಡಬೇಕು. ಎಲ್ಲವನ್ನೂ ಈಗಾಗಲೇ ಹೊರೆ ಹೊತ್ತಿರುವ ಆಶಾ ಕಾರ್ಯಕರ್ತೆಯರ ಹೆಗಲಿಗೇ ಏರಿಸುವುದು ನ್ಯಾಯವಲ್ಲ.

ಹೀಗೆ ಬಂದವರು ಮಾಡಬೇಕಾದುದು ಕಠಿನವಾದುದೇನಲ್ಲ. ಮಜ್ಜಿಗೆಯನ್ನೋ ಅಂಬಲಿಯನ್ನೋ ಎದುರಿಗೇ ಕುಡಿಸುವುದು, ಕೈಕಾಲು ಕುತ್ತಿಗೆಗಳನ್ನು ಒದ್ದೆ ಬಟ್ಟೆಯಿಂದ ಒರೆಸುವುದು, ಮಧ್ಯಾಹ್ನದ ಮಟ್ಟಿಗೆ ತಗಡಿನ ಮನೆಯಿಂದ ತಂಪಾದ ಗುಡಿಯ ಪೌಳಿಗೋ ಶಾಲೆಯ ಕೊಠಡಿಗೋ ಕರೆದೊಯ್ಯುವುದು. ಮಾತು ತಡವರಿಸಿದರೆ, ಎದುರಿಗಿದ್ದವರ ಗುರುತು ತಪ್ಪಿದರೆ ಅದನ್ನು ಮುಪ್ಪಿನ ಅರಳುಮರಳೆಂದು ಬಗೆಯದೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಗೆ ತಣ್ಣೀರು ಹನಿಸುತ್ತ ಗಾಳಿ ಬೀಸುತ್ತಿರಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ನೀರು ಹಾಕಲಾಗದು.