ಗಂಡಸುತನವೂ ಗುಂಡಿಗೆಯೂ

ಇತಿಹಾಸ, ಅರ್ಥಶಾಸ್ತ್ರ ಓದುವವನಿಗೆ ವೈದ್ಯದ ಮಾತೇಕೆ ಎಂದು ಕೆಲವರು ಹುಬ್ಬೇರಿಸಿಯಾರು. ಗುಂಡಿಗೆಯೆಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಇರುವ ಅಂಗವಲ್ಲವಾದ್ದರಿಂದ ನಾನೂ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಗಂಡಸರಿಗೆ ಒಂದು ಚಿಂತೆ ಬೇಕಾದುದಕ್ಕಿಂತ ಹೆಚ್ಚಾಗಿದೆ. ಇರಬೇಕಾದ ಇನ್ನೊಂದು ಇಲ್ಲವೇ ಇಲ್ಲ. ಇರುವ ಚಿಂತೆ ಪುರುಷತ್ವದ್ದು. ಊರ ಗೋಡೆಗಳ ಮೇಲೆ, ಈಗ ಅಂಗೈಯ ಮೊಬೈಲಿನಲ್ಲಿಯೂ, ಕಳೆದ ಶಕ್ತಿಯನ್ನು ಮರಳಿ ಕೊಡುವವರ ಜಾಹೀರಾತುಗಳೇ. ಹಿಂದೆ ಧಾತು ಎನ್ನುತ್ತಿದ್ದರು. ಈಗ ಟೆಸ್ಟೋಸ್ಟಿರಾನ್ ಎನ್ನುತ್ತಾರೆ. ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ 1954ರಲ್ಲಿಯೇ ಬಂದಿದೆ. ಹೃದ್ರೋಗವೂ ರಕ್ತದ ಒತ್ತಡವೂ ಅದರ ಪಟ್ಟಿಯಲ್ಲಿವೆ. ಕಾಯಿದೆಗೆ ವಯಸ್ಸಾಯಿತು, ಗೋಡೆಗೆ ಮಾತ್ರ ನಿತ್ಯ ಹೊಸ ಬಣ್ಣ!

ಆ ಹಾರ್ಮೋನೇನೂ ಸುಳ್ಳಲ್ಲ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಅದನ್ನು ಹೋರಿಯ ವೃಷಣದಿಂದ ಬೇರ್ಪಡಿಸಿದರು. ವಯಸ್ಸಾದವರಲ್ಲಿ ಅದು ಕಡಿಮೆಯಿದ್ದಲ್ಲಿ ಹೃದ್ರೋಗ ಹೆಚ್ಚಾಗಿ ಕಂಡುಬರುತ್ತದೆಂಬುದೂ ನಿಜ. ಆದರೆ ಜೊತೆಯಲ್ಲಿ ಕಂಡದ್ದೆಲ್ಲ ಕಾರಣವಾಗಲಾರದಷ್ಟೆ? ಬೊಜ್ಜು, ಸಕ್ಕರೆ ಕಾಯಿಲೆಗಳು ಹಾರ್ಮೋನನ್ನೂ ತಗ್ಗಿಸುತ್ತವೆ, ರಕ್ತನಾಳಗಳನ್ನೂ ಕೆಡಿಸುತ್ತವೆ.

ಹಾಗಾದರೆ ಕೊರತೆಯನ್ನು ತುಂಬಿದರೆ ಗುಂಡಿಗೆ ಗಟ್ಟಿಯಾದೀತೆ? 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಎಂಬ ಅಮೆರಿಕದ ಪ್ರಯೋಗದಲ್ಲಿ, ಹಾರ್ಮೋನಿನ ಕೊರತೆಯ ಜೊತೆಗೆ ಹೃದ್ರೋಗವೋ ಅದರ ಭಯವೋ ಇದ್ದ ಐದು ಸಾವಿರಕ್ಕೂ ಮೇಲ್ಪಟ್ಟ ಗಂಡಸರನ್ನು ಆರಿಸಿ, ಕೆಲವರಿಗೆ ಟೆಸ್ಟೋಸ್ಟಿರಾನಿನ ಲೇಪವನ್ನೂ ಉಳಿದವರಿಗೆ ಬರಿಯ ಲೇಪವನ್ನೂ ಕೊಟ್ಟರು. ಮದ್ದಿನಿಂದ ಹೃದಯಾಘಾತಗಳು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಎದೆಬಡಿತದ ತಾಳ ತಪ್ಪಿದವರು ಮಾತ್ರ ಮದ್ದು ಹಚ್ಚಿಕೊಂಡವರಲ್ಲಿ ಹೆಚ್ಚಾಗಿದ್ದರು. ಈ ಔಷಧಗಳು ರಕ್ತದ ಒತ್ತಡವನ್ನು ಏರಿಸಬಲ್ಲವೆಂಬ ಎಚ್ಚರಿಕೆಯನ್ನು ಎಲ್ಲ ತಯಾರಕರೂ ಮುದ್ರಿಸಬೇಕೆಂದು 2025ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಆಜ್ಞೆಮಾಡಿತು. ಪರೀಕ್ಷೆಯಿಂದ ಕೊರತೆ ಸಿದ್ಧವಾದವನಿಗೆ ವೈದ್ಯರು ಕೊಡುವ ಮಾತು ಬೇರೆ. ಜಾಹೀರಾತು ನೋಡಿ ಶಕ್ತಿ ಕೊಂಡವನು ಒತ್ತಡವನ್ನೂ ಸೇರಿಸಿಯೇ ಕೊಂಡಾನು.

ಇರಬೇಕಾದ ಚಿಂತೆ ಈ ಒತ್ತಡದ್ದೇ. ಗುಂಡಿಗೆಗೆ ರಕ್ತವುಣಿಸುವ ನಾಳಗಳ ಒಳಪದರ ಬಲು ನಾಜೂಕಾದುದು. ಹಗಲಿರುಳೂ ಹೆಚ್ಚಿನ ಒತ್ತಡ ಬಡಿಯುತ್ತಿದ್ದರೆ ಅದು ಘಾಸಿಗೊಳ್ಳುತ್ತದೆ. ಅಲ್ಲಿ ಕೊಬ್ಬು ಸೇರುತ್ತದೆ, ಗೋಡೆ ದಪ್ಪವಾಗುತ್ತದೆ, ದಾರಿ ಕಿರಿದಾಗುತ್ತದೆ. ಒಂದು ದಿನ ಆ ಕೊಬ್ಬಿನ ಗಂಟು ಒಡೆದು ರಕ್ತ ಹೆಪ್ಪುಗಟ್ಟಿದರೆ ನಾಳ ಮುಚ್ಚಿತೆಂದೇ ಲೆಕ್ಕ. ವಿಪರೀತವೆಂದರೆ, ಇಷ್ಟೆಲ್ಲ ನಡೆಯುವಾಗ ಬಹುಮಂದಿಗೆ ನೋವಿಲ್ಲ, ತಲೆಸುತ್ತೂ ಇಲ್ಲ.

ನನ್ನ ತಂದೆಯವರು ಮಂಡಿಯಲ್ಲಿ ಮೂಟೆ ಹೊರುವವರು. ಆ ಮೂಟೆಗಳ ಕೂಲಿಯಿಂದಲೇ ನಾನು ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಬಿ.ಎ. ತರಗತಿಯಲ್ಲಿ ಕುಳಿತಿದ್ದೇನೆ. ಅವರ ಒತ್ತಡ 170/100. ಆರೋಗ್ಯ ಕೇಂದ್ರದಲ್ಲಿ ಬಿಟ್ಟಿಯಾಗಿ ಕೊಟ್ಟ ಮಾತ್ರೆಯನ್ನು ಒಂದು ತಿಂಗಳು ನುಂಗಿ ಬಿಟ್ಟುಬಿಟ್ಟರು. ಕೇಳಿದರೆ, "ಕ್ವಿಂಟಾಲ್ ಮೂಟೆಗೆ ಹೆಗಲು ಕೊಡೋನಿಗೆ ಎಂಥಾ ಕಾಯಿಲೆಯೋ? ಮಾತ್ರೆ ನುಂಗೋದು ಮುದುಕರು" ಎನ್ನುತ್ತಾರೆ. ಗೋಡೆಯ ಜಾಹೀರಾತು ಸಾರುವುದೂ ಇದೇ ಗಂಡಸುತನವನ್ನೆ. ತೋಳಿನ ಬಲಕ್ಕೂ ನಾಳದ ಒಳಗೋಡೆಗೂ ಸಂಬಂಧವಿಲ್ಲವೆಂದು ಅವರಿಗೆ ತಿಳಿಸಲು ನನ್ನ ಮೂರು ವರ್ಷದ ಓದು ಇನ್ನೂ ಸಾಲದಾಗಿದೆ. ಸಹಪಾಠಿಗಳೇ, ನಿಮ್ಮ ಮನೆಗಳಲ್ಲಿಯೂ ಇಂಥ ತಂದೆ, ದೊಡ್ಡಪ್ಪಂದಿರು ಇಲ್ಲವೆ?

ನಮ್ಮ ಎನ್.ಎಸ್.ಎಸ್. ಶಿಬಿರಗಳಲ್ಲಿ ಚರಂಡಿ ತೆಗೆಯುತ್ತೇವೆ, ಸಸಿ ನೆಡುತ್ತೇವೆ. ಮುಂದಿನ ಶಿಬಿರಕ್ಕೆ ಆರೋಗ್ಯ ಕೇಂದ್ರದ ದಾದಿಯೊಬ್ಬರನ್ನೂ ಒತ್ತಡ ಅಳೆಯುವ ಯಂತ್ರವನ್ನೂ ಕರೆದೊಯ್ಯಲು ಪ್ರಾಂಶುಪಾಲರು ಅಪ್ಪಣೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಮೂವತ್ತು ದಾಟಿದ ಗಂಡಸರನ್ನೆಲ್ಲ ಸಾಲಿನಲ್ಲಿ ನಿಲ್ಲಿಸೋಣ. ನಮ್ಮೂರಿನಲ್ಲಿ ಶಿಬಿರ ನಡೆದರೆ ಸಾಲಿನ ಮೊದಲನೆಯವರನ್ನು ಕರೆತರುವ ಹೊಣೆ ನನ್ನದು.