ಫಿರಂಗಿ ಇಲ್ಲದ ಬಂಡೆ ಹತ್ತಿದ್ದು ದಂಡವೇ?



ಎರಡನೇ ಮಹಾಯುದ್ಧದ ಪಾಠ ಓದುವಾಗ ನಾರ್ಮಂಡಿ ಅನ್ನುವ ಹೆಸರು ಬರುತ್ತದೆ. ಅದು ಫ್ರಾನ್ಸ್ ದೇಶದ ಕಡಲ ತೀರ. ಅಲ್ಲಿ ಪಾಯಿಂಟ್ ದು ಹೋಕ್ ಎಂಬ ಕಡಿದಾದ ಬಂಡೆ ಇದೆ. ಎತ್ತರ ಸುಮಾರು 30 ಮೀಟರ್, ಅಂದರೆ ತೆಂಗಿನ ಮರಕ್ಕಿಂತ ಹೆಚ್ಚು. ಫ್ರಾನ್ಸನ್ನು ಹಿಡಿದಿದ್ದ ಜರ್ಮನ್ನರು ಅದರ ಮೇಲೆ ಕಾಂಕ್ರೀಟ್ ಬಂಕರ್ ಕಟ್ಟಿ 6 ದೊಡ್ಡ ಫಿರಂಗಿ ಇಟ್ಟಿದ್ದರು. ಆ ಫಿರಂಗಿಗಳೂ ಫ್ರಾನ್ಸಿನವೇ, ಕಸಿದುಕೊಂಡದ್ದು!

1944ರ ಜೂನ್ 6ರಂದು ಬಂಡೆಯ ಎಡಬಲದ ಎರಡು ತೀರಗಳಲ್ಲಿ ಅಮೆರಿಕದ ಸೈನ್ಯ ಇಳಿಯುವುದಿತ್ತು. ಮೇಲಿನಿಂದ ಗುಂಡು ಬಿದ್ದರೆ ಎರಡು ಕಡೆಯೂ ಹೆಣಗಳ ರಾಶಿ. ಅದಕ್ಕೇ ರಡರ್ ಎಂಬ ಅಧಿಕಾರಿಯ ಜೊತೆ ಸುಮಾರು 225 ರೇಂಜರ್ ಸೈನಿಕರು ಬಂಡೆ ಹತ್ತಲು ಹೊರಟರು. ದೋಣಿಗಳು ದಾರಿ ತಪ್ಪಿ ಹೆಚ್ಚುಕಡಿಮೆ 40 ನಿಮಿಷ ತಡವಾಯಿತು. ಹಗ್ಗಗಳು ಉಪ್ಪುನೀರಿನಲ್ಲಿ ನೆನೆದಿದ್ದರಿಂದ ರಾಕೆಟ್‌ನಿಂದ ಹಾರಿಸಿದರೂ ಎಷ್ಟೋ ಮೇಲೆ ಮುಟ್ಟಲೇ ಇಲ್ಲ. ನೆನೆದ ಹಗ್ಗದ ಭಾರ ಬಾವಿ ನೀರು ಸೇದುವವರಿಗೆ ಗೊತ್ತು! ಮೇಲಿನಿಂದ ಗುಂಡು, ಗ್ರೆನೇಡ್. ಆದರೂ ಹತ್ತಿದರು.

ನೋಡಿದರೆ ಫಿರಂಗಿಯೇ ಇಲ್ಲ! ಬರೀ ಮರದ ಕಂಬ ಮಲಗಿಸಿದ್ದರು. ವಿಮಾನಗಳು ಬಾಂಬ್ ಹಾಕತೊಡಗಿದ ಮೇಲೆ ಜರ್ಮನ್ನರು ಅವನ್ನು ಸಾಗಿಸಿಬಿಟ್ಟಿದ್ದರು.

ಇಲ್ಲಿಗೇ ಕಥೆ ನಿಲ್ಲಿಸುವವರು "ಪಾಪ, ಸುಮ್ಮನೆ ಸತ್ತರು" ಅಂತಾರೆ. ನಾನು ಒಪ್ಪುವುದಿಲ್ಲ. ಫಿರಂಗಿ ಜಾಗ ಬಿಟ್ಟಿತ್ತು, ಊರು ಬಿಟ್ಟಿರಲಿಲ್ಲ. ಲೋಮೆಲ್ ಮತ್ತು ಕುನ್ ಎಂಬ ಇಬ್ಬರು ಸಾರ್ಜೆಂಟರು ಹೊಲದ ದಾರಿಯಲ್ಲಿ ಭಾರ ಎಳೆದ ಗುರುತು ಹಿಡಿದು ಹೋದರು. ಒಂದು ಕಿಲೋಮೀಟರಿಗಿಂತ ಸ್ವಲ್ಪ ದೂರದಲ್ಲಿ, ತೋಟದ ಮರದ ಕೆಳಗೆ 5 ಫಿರಂಗಿ ಸಿಕ್ಕವು. ಪಕ್ಕದಲ್ಲೇ ಗುಂಡುಗಳು ಸಿದ್ಧವಾಗಿದ್ದವು. ಜರ್ಮನ್ ಸೈನಿಕರು ಹತ್ತಿರದಲ್ಲೇ ಇದ್ದರು. ಇವರು ಸದ್ದಿಲ್ಲದೆ ಥರ್ಮೈಟ್ ಇಟ್ಟರು. ಅದು ಡಬ್ ಅಂತ ಸಿಡಿಯುವುದಿಲ್ಲ, ಕಬ್ಬಿಣವನ್ನು ಕರಗಿಸುತ್ತದೆ. ಫಿರಂಗಿಗಳು ಅಲ್ಲಿಗೇ ಕೆಟ್ಟವು. ಬಂಡೆ ಹತ್ತದೆ ಇದ್ದಿದ್ದರೆ ಇವರು ಆ ತೋಟಕ್ಕೆ ಹೋಗುವುದಾದರೂ ಹೇಗೆ? ಹೇಳಿ ನೋಡೋಣ.

ಬೆಲೆ ಮಾತ್ರ ಬಹಳ ದೊಡ್ಡದು. ಎರಡು ದಿನದ ಮೇಲೆ ಸಹಾಯ ಬಂದಾಗ ಕಾದಾಡುವ ಸ್ಥಿತಿಯಲ್ಲಿ ಉಳಿದವರು ಸುಮಾರು 90 ಜನ. ಇದನ್ನು ಬಿಟ್ಟು ಬರೀ ಜಯ ಜಯ ಅನ್ನುವುದೂ ನನಗೆ ಹಿಡಿಸುವುದಿಲ್ಲ.

ಒಡೆದ ಬಂಕರ್, ಬಾಂಬಿನ ಗುಂಡಿಗಳು ಈಗಲೂ ಅಲ್ಲಿವೆ. ಎಲ್ಲರೂ ಮೊದಲು ಬಂಡೆಯ ತುದಿಗೇ ಓಡುತ್ತಾರೇನೋ. ನಾನು ಹೋದರೆ ಮೊದಲು, ಆ ತೋಟ ಎಲ್ಲಿ ಅಂತ ಕೇಳುತ್ತೇನೆ.

– 7ನೇ ತರಗತಿ